ಮಾದರಿ ಅಳು

ನಮ್ಮ ಶಾಲೆಯಲ್ಲಿ ಮಕ್ಕಳ ಮನಸ್ಸಿಗೆ ಒಂದು ಕೋಣೆ ಸಿಕ್ಕಿದ್ದು ಕೆಟ್ಟು ನಿಂತಿದ್ದ ಜೆರಾಕ್ಸ್ ಮೆಷಿನ್ನು ಗುಜರಿಗೆ ಹೋದ ಮೇಲೆ. ಗೋಡೆಗೆ ತಿಳಿನೀಲಿ ಬಳಿದು, ನಗುವ ಸೂರ್ಯನ ಚಿತ್ರ ಅಂಟಿಸಿ, ಮೆತ್ತನೆಯ ಕುರ್ಚಿ ಹಾಕಿದರು. ಪಕ್ಕದ ಬೀದಿಯ ಕ್ಲಿನಿಕ್ಕಿನಿಂದ ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬಳು ಬಂದು ಕೂರತೊಡಗಿದಳು. ಮಕ್ಕಳು ಅವಳನ್ನು ಕ್ಲಿನಿಕ್ ಅಕ್ಕ ಅಂದರು. ನಮ್ಮ ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ಮನಸ್ಸೆಂಬುದನ್ನು ತಾವೇ ಕಂಡುಹಿಡಿದವರಂತೆ ಎದೆಯುಬ್ಬಿಸಿ ಓಡಾಡುತ್ತಿದ್ದರು.

ಆ ಕೋಣೆಗೆ ಹೋಗಲೇಬೇಕಾಗಿದ್ದ ಮಗುವೊಂದು ನನ್ನ ತರಗತಿಯಲ್ಲೇ ಇತ್ತು. ದೊಡ್ಡ ಮೇಡಂ ಅವರ ಮಗಳು. ನಾನು ಅವಳಿಗೆ ಗಣಿತ ಹೇಳಿಕೊಡುತ್ತೇನೆ. ಸರಿಯಾಗಿ ಬಂದ ಲೆಕ್ಕವನ್ನೂ ಹಾಳೆ ಹರಿಯುವವರೆಗೆ ಅಳಿಸುತ್ತಿದ್ದಳು. ಊಟದ ಡಬ್ಬಿಯನ್ನು ಮುಚ್ಚಳ ತೆರೆಯದೆ ಮನೆಗೆ ಒಯ್ಯುತ್ತಿದ್ದಳು. ಹೇಳಲೋ ಬೇಡವೋ ಎಂದು ಮೀನಮೇಷ ಎಣಿಸಿ, ಕೊನೆಗೆ ಮೇಡಂಗೆ ಹೇಳಿಯೇಬಿಟ್ಟೆ.

"ನನ್ನ ಮಗಳಿಗಾ?" ದೊಡ್ಡ ಮೇಡಂ ಕೆಂಡವಾದರು. "ಅವಳಿಗೇನು ಧಾಡಿ? ಹೆಡ್‌ಮೇಡಂ ಮಗಳೇ ಆ ರೂಮಿಗೆ ಹೋದ್ರೆ ನೋಡಿದವರು ಏನಂದ್ಕೋತಾರೆ? ನೀವು ಲೆಕ್ಕ ಹೇಳ್ಕೊಡಿ, ಅಷ್ಟು ಸಾಕು."

ಮನಸ್ಸು ಕೆಡುವುದೇನಿದ್ದರೂ ಕಂಡವರ ಮಕ್ಕಳಿಗೆ. ನಾನು ಲೆಕ್ಕ ಹೇಳಿಕೊಡಲು ತರಗತಿಗೆ ನಡೆದೆ.

ಅಷ್ಟರಲ್ಲಿ ಇಲಾಖೆಯ ತಂಡ ಬರುತ್ತದೆಂಬ ಸುದ್ದಿ ಬಂತು. ಕೋಣೆ ಕೆಲಸ ಮಾಡುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ದೊಡ್ಡ ಮೇಡಂ ಮಾದರಿ ಮಗುವಿಗಾಗಿ ಹುಡುಕಾಟ ಶುರುಮಾಡಿದರು. ಮಗು ಅಳಬೇಕು, ಆದರೆ ಮೂಗು ಸೋರಿಸಬಾರದು. ಕಷ್ಟ ಹೇಳಬೇಕು, ಆದರೆ ಶಾಲೆಯ ಮೇಲೆ ಹೇಳಬಾರದು. ಕೊನೆಯಲ್ಲಿ ಸಮಾಧಾನವಾಗಿ ನಗಲೇಬೇಕು. ನಿಜವಾಗಿ ಕಷ್ಟವಿದ್ದ ಮಕ್ಕಳೆಲ್ಲ ಈ ಪರೀಕ್ಷೆಯಲ್ಲಿ ಫೇಲಾದರು.

"ಇದು ತಪ್ಪು ಮೇಡಂ, ಈ ರೂಮಲ್ಲಿ ಮಕ್ಕಳು ಮಾತಾಡೋದನ್ನ ಯಾರೂ ನೋಡಬಾರದು" ಎಂದಳು ಕ್ಲಿನಿಕ್ ಅಕ್ಕ.

"ಅವರು ನೋಡದೇ ಇದ್ರೆ ನಿಮ್ಮ ರೂಮು ಉಳಿಯುತ್ತೇನಮ್ಮ?" ಎಂದು ಮೇಡಂ ಅವಳ ಬಾಯಿ ಮುಚ್ಚಿಸಿದರು.

ಅವತ್ತು ಮನೆಯಲ್ಲಿ ಮಗಳು ತಾನಾಗಿಯೇ, "ನಾನೇ ಮಾಡ್ತೀನಮ್ಮ" ಅಂದಳಂತೆ. ಮೇಡಂ ಹಿಗ್ಗಿ ಹೀರೇಕಾಯಿಯಾದರು. ಮಾತುಗಳನ್ನು ತಾವೇ ಹೊಸೆದು ಬಾಯಿಪಾಠ ಮಾಡಿಸಿದರು. ಯಾವ ತೊಂದರೆಯೂ ಇಲ್ಲದ ಮಗು ತೊಂದರೆಯನ್ನು ಎಷ್ಟು ಚೆನ್ನಾಗಿ ಹೇಳುತ್ತದೆ ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಸಿಕ್ಕವರಿಗೆಲ್ಲ ಕೊಚ್ಚಿಕೊಂಡರು.

ತಂಡ ಬಂತು. ಹಿರಿಯ ಅಧಿಕಾರಿ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತರು, ನಾವೆಲ್ಲ ಹಿಂದೆ ನಿಂತೆವು. ಹುಡುಗಿ ಕ್ಲಿನಿಕ್ ಅಕ್ಕನ ಎದುರು ಕೂತು ಪಾಠ ಒಪ್ಪಿಸಿದಳು: "ನನಗೆ ಗೆಳತಿಯ ಜೊತೆ ಜಗಳವಾಗಿದೆ. ಅದಕ್ಕೇ ಬೇಜಾರಾಗಿದೆ." ಆಮೇಲೆ ಸುಮ್ಮನಾದಳು. ಮರೆತಳೆಂದುಕೊಂಡು ಮೇಡಂ ದೂರದಿಂದಲೇ ತುಟಿಯಾಡಿಸಿದರು.

"ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ ಅಕ್ಕ" ಎಂದಳು ಹುಡುಗಿ. "ಊಟ ಗಂಟಲಲ್ಲಿ ಇಳಿಯಲ್ಲ. ಒಂದು ಮಾರ್ಕ್ಸ್ ಕಮ್ಮಿ ಬಂದ್ರೂ ಅಮ್ಮ ಮಾತು ಬಿಡ್ತಾರೆ. ನಾನು ಯಾರಿಗೆ ಹೇಳ್ಲಿ? ಮನೇಲೂ ಹೆಡ್‌ಮೇಡಂ, ಇಲ್ಲೂ ಹೆಡ್‌ಮೇಡಂ."

ಬಿಕ್ಕಿ ಬಿಕ್ಕಿ ಅತ್ತಳು. ಮೂಗೂ ಸೋರಿತು.

ಅಧಿಕಾರಿ ಜೋರಾಗಿ ಚಪ್ಪಾಳೆ ತಟ್ಟಿದರು. "ಭೇಷ್! ಎಷ್ಟು ಸಹಜವಾಗಿ ಮಾಡ್ತಾಳ್ರೀ! ಯಾರು ಇವಳನ್ನ ತಯಾರು ಮಾಡಿದ್ದು?"

"ನಾನೇ ಸಾರ್, ಮನೇಲಿ" ಎಂದರು ದೊಡ್ಡ ಮೇಡಂ. ಹೊಗಳಿಕೆ ಕಂಡಲ್ಲಿ ಕೈಯೊಡ್ಡುವ ಅಭ್ಯಾಸ. ಮಾತು ಬಾಯಿಂದ ಜಾರಿದ ಮೇಲೆ ಅವರ ಮುಖ ಸುಣ್ಣವಾಯಿತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕ್ಲಿನಿಕ್ ಅಕ್ಕ ಎದ್ದು ನಿಂತು, ಎಲ್ಲರೂ ಹೊರಗೆ ನಡೆಯಿರಿ ಅಂದಳು. ಅಧಿಕಾರಿ ಟೀ ಎಲ್ಲಿಟ್ಟಿದ್ದೀರಿ ಎಂದು ವಿಚಾರಿಸುತ್ತ ಹೊರಟರು. ದೊಡ್ಡ ಮೇಡಂ ಮಾತ್ರ ಅಲ್ಲೇ ನಿಂತರು. ಇಷ್ಟು ವರ್ಷದಲ್ಲಿ ಅವರು ಯಾರನ್ನಾದರೂ ಅಪ್ಪಣೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಪುಟ್ಟಾ, ನಾನು ಇಲ್ಲೇ ಇರ್ಲಾ?" ಎಂದರು.

ಹುಡುಗಿ ತೋಳಿನಿಂದ ಮುಖ ಒರೆಸಿಕೊಂಡು ಅವರನ್ನೇ ನೋಡಿದಳು.

"ಬೇಡ ಮೇಡಂ" ಎಂದಳು.