ಬಾಗಿಲ ಹಿಂದಿನ ಗೆರೆಗಳು

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲಿನ ಪ್ಯಾಕೆಟ್ ಎಂದಿನಂತೆ ಬಾಗಿಲಲ್ಲಿತ್ತು. ಅವಳು ಹಾಲು ಕಾಯಿಸಿದಳು, ಮಗಳಿಗೆ ಜಡೆ ಹೆಣೆದಳು, ನೀರು ಪರೀಕ್ಷಿಸುವ ಪ್ರಯೋಗಾಲಯದ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟಿದಳು. ತಿರುಗಿ ನೋಡಿದರೆ, ಎಲ್ಲರೂ ಗುಬ್ಬಿ ಎನ್ನುವ ಆರು ವರ್ಷದ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಏನಾಯ್ತೇ? ಹಲ್ಲು ನೋವಾ?"

ಬೆರಳ ಸಂದಿಯಿಂದ ಮಾತು ಬಂತು. "ನಾನು ಕೂಗಿಬಿಟ್ರೆ ನೀನೂ ಬರಲ್ಲ."

ಅವಳು ಚಪ್ಪಲಿ ಕಳಚಿದಳು.

ಕೊನೆಯ ದಿನ ಗಂಡ ಕಚೇರಿಗೆ ಹೊರಟಾಗ ಗುಬ್ಬಿ ಹಿಂದಿನಿಂದ ಕೂಗಿದ್ದಳು, "ಅಪ್ಪಾ, ರಸಮಟ್ಟ ಮರ್ತೆ!" ಪುಸ್ತಕದ ಹಲಗೆ ಓರೆಯಾಗದಂತೆ ಹೊಡೆಯಲು ಕೆಳಗಿನ ಮನೆಯ ಬಡಗಿಯಿಂದ ತಂದಿದ್ದ, ಮಟ್ಟ ನೋಡುವ ಸಾಧನ. "ನಾಳೆ ಕೊಟ್ರಾಯ್ತು ಬಿಡೇ" ಎಂದು ನಕ್ಕು ಇಳಿದುಹೋದವನು ಕಚೇರಿಯಲ್ಲಿ ಕುಸಿದುಬಿದ್ದ. ತಲೆಯೊಳಗಿನ ರಕ್ತನಾಳ ವರ್ಷಗಳಿಂದ ಸವೆದಿತ್ತು ಎಂದರು ವೈದ್ಯರು. ಅಳುತ್ತಿದ್ದ ಅತ್ತೆಗೆ ಬೇರೆ ಕಾರಣ ಸಿಕ್ಕಿತ್ತು. "ಹೊರಟವನನ್ನ ಈ ಮಗು ಹಿಂದಿನಿಂದ ಕೂಗಿತಲ್ಲ..."

ಅವಳು ಸೀಮೆಸುಣ್ಣ ಹುಡುಕಿ ತಂದಳು. "ಗುಬ್ಬಿ, ನಾನೀಗ ಗೇಟಿನ ತನಕ ಹೋಗ್ತೀನಿ. ಹಿಂದಿನಿಂದ ಕೂಗು. ಬರ್ತೀನೋ ಇಲ್ವೋ ನೋಡೋಣ."

"ತಲೆ ಕೆಟ್ಟಿದೆಯೇನೇ ನಿಂಗೆ?" ಅತ್ತೆ ಎದ್ದು ನಿಂತರು. "ಮಗನ್ನ ಕಳ್ಕೊಂಡೋಳು ನಾನು. ನಿನ್ನ ಓದನ್ನ ಪ್ರಯೋಗಾಲಯದಲ್ಲೇ ಇಟ್ಕೋ. ಹಿರಿಯರು ಸುಮ್ಮಸುಮ್ಮನೆ ಹೇಳ್ತಿದ್ರಾ?"

"ಹೇಳ್ತಿದ್ರು ಅತ್ತೆ. ಎಣಿಸಿದ್ರಾ?"

ಅವಳು ಮತ್ತೆ ಚಪ್ಪಲಿ ಮೆಟ್ಟಿದಳು.

"ಅಪ್ಪನ್ನ ಕೊಂದೋಳು ಅಂದ್ಕೊಂಡು ನನ್ನ ಮಗಳು ಬೆಳೆಯೋಕೆ ನಾನು ಬಿಡಲ್ಲ."

ಗುಬ್ಬಿಯ ಮೊದಲ "ಅಮ್ಮಾ" ಯಾರಿಗೂ ಕೇಳಿಸುವಂತಿರಲಿಲ್ಲ. ತಾಯಿ ಗೇಟು ಮುಟ್ಟಿ ಬಂದಳು. ಬಾಗಿಲ ಹಿಂಬದಿಯಲ್ಲಿ, ಕೂಗಿದ್ದಕ್ಕೊಂದು ಗೆರೆ, ಹಿಂದಿರುಗಿದ್ದಕ್ಕೆ ಅದರ ಮೇಲೊಂದು ಅಡ್ಡಗೆರೆ.

"ಕೂಗದೆ ಇದ್ರೂ ಬರ್ತೀಯಾ?" ಎಂದು ಗುಬ್ಬಿಯೇ ಕೇಳಿದಳು.

"ಅದನ್ನೂ ನೋಡೋಣ." ಪಕ್ಕದಲ್ಲಿ ಇನ್ನೊಂದು ಸಾಲು ಹುಟ್ಟಿತು.

ವಾರವಿಡೀ ಗುಬ್ಬಿ ಒಂದು ದಿನ ಕೂಗಿದಳು, ಒಂದು ದಿನ ಕೂಗಲಿಲ್ಲ. ಅವಳು ಹಿಂದಿನಿಂದ ಕೂಗಿದ ಹಾಲಿನವನು ಮರುದಿನವೂ ಬಂದ. ಮೇಲಿನ ಮನೆಯ ದರ್ಜಿ ಅವಳ ಕೂಗು ಕೇಳಿ ಮೆಟ್ಟಿಲಲ್ಲೇ ಬೆಚ್ಚಿದ. "ನನ್ನ ಮೇಲೇನಾ ನಿನ್ನ ಪ್ರಯೋಗ? ಇನ್ನೂ ಹತ್ತು ಅಂಗಿ ಹೊಲಿಯೋದಿದೆ ತಾಯಿ!" ಸಂಜೆ ಬಂದು ತನ್ನ ಅಡ್ಡಗೆರೆ ತಾನೇ ಎಳೆದು ಹೋದ.

ಭಾನುವಾರ ಎರಡೂ ಸಾಲಿನಲ್ಲಿ ಅಡ್ಡಗೆರೆ ಇಲ್ಲದ ಗೆರೆ ಒಂದೂ ಇರಲಿಲ್ಲ.

"ಅಪ್ಪಂದು ಎಲ್ಲಿ?" ಎಂದಳು ಗುಬ್ಬಿ.

ತಾಯಿಯ ಕೈ ತಡೆಯಿತು. ಬಿಟ್ಟರೆ ಸುಳ್ಳಾಗುತ್ತದೆ. ಕೂಗಿದ ಸಾಲಿನಲ್ಲಿ ಒಂದು ಗೆರೆ ಎಳೆದಳು. ಅಡ್ಡಗೆರೆ ಎಳೆಯಲಿಲ್ಲ.

"ನೋಡಿದ್ಯಾ?" ಎಂದರು ಅತ್ತೆ. ಆ ದನಿಯಲ್ಲಿ ಗೆಲುವಿರಲಿಲ್ಲ.

ಗುಬ್ಬಿ ಆ ಒಂಟಿ ಗೆರೆಯನ್ನು ಬಹಳ ಹೊತ್ತು ನೋಡಿದಳು. "ಆದ್ರೆ ಅಜ್ಜಿ, ಅಪ್ಪ ದಿನಾ ಏನಾದ್ರೂ ಮರೀತಿದ್ದ. ನಾನು ದಿನಾ ಕೂಗ್ತಿದ್ದೆ. ಬೀಗದ ಕೈ, ಊಟದ ಡಬ್ಬಿ... ಆದ್ರೂ ಸಂಜೆ ಬರ್ತಿದ್ನಲ್ಲ?"

ಸೀಮೆಸುಣ್ಣ ಕಸಿದುಕೊಂಡು ಎಳೆಯತೊಡಗಿದಳು. ಗೆರೆ, ಅಡ್ಡಗೆರೆ. ಗೆರೆ, ಅಡ್ಡಗೆರೆ. ಕೈಗೆಟುಕುವ ಜಾಗ ತುಂಬಿತು.

ಕೊನೆಗೆ ಅತ್ತೆ ಮೂಗು ಒರೆಸಿಕೊಂಡರು. "ಕನ್ನಡಕಾನ ಬಿಟ್ಯಲ್ಲೇ. ಒಂದೇ ಬೆಳಿಗ್ಗೆ ಎರಡು ಸಲ ಮರೀತಿದ್ದ. ಅದನ್ನೂ ಎಳಿ."

ಗುಬ್ಬಿಯ ತಾಯಿ ಹಲಗೆಯ ಮೇಲಿಂದ ರಸಮಟ್ಟ ತೆಗೆದುಕೊಂಡು ಬಡಗಿಯ ಮನೆಗೆ ಹೊರಟಳು. ನಾಲ್ಕು ಮೆಟ್ಟಿಲು ಇಳಿದಿರಬೇಕು, ಹಿಂದಿನಿಂದ ಅತ್ತೆ ಕೂಗಿದರು. ಇಡೀ ಕಟ್ಟಡಕ್ಕೆ ಕೇಳುವಷ್ಟು ಜೋರಾಗಿ.

"ಏ, ಧೂಳು ಒರೆಸಿ ಕೊಡೇ!"

ಅವಳು ಸೆರಗಿನಿಂದ ಒರೆಸಿದಳು. ಬಡಗಿ ಎರಡೂ ಕೈಚಾಚಿ ತೆಗೆದುಕೊಂಡ. "ಇದಕ್ಯಾಕಮ್ಮ ಅವಸರ ಇತ್ತು?"

"ಅವತ್ತೇ ಕೊಡ್ಬೇಕಿತ್ತು. ಮಗಳು ನೆನಪಿಸಿದ್ಲು," ಎಂದಳು. ನಿಲ್ಲದೆ ಮೆಟ್ಟಿಲು ಹತ್ತಿದಳು. ಮೇಲೆ ಅತ್ತೆಯ ಕೂಗಿನ ಗೆರೆಯೊಂದು ಅವಳ ಅಡ್ಡಗೆರೆಗಾಗಿ ಕಾಯುತ್ತಿತ್ತು.