ಬೆಳ್ಳಿಯ ಶೇವಂತಾ

“ಅದೊಂದು ಇರಲಿ ಬಿಡ್ರಿ,” ಎಂದು ಭೀಮಬಾಯಿ ಬುಟ್ಟಿಯ ಮೇಲೆ ಕೈಯಿಟ್ಟಳು.

ಬುಟ್ಟಿಯಲ್ಲಿ ಮನೆಯ ದೇವರ ಜಗಲಿಯ ಮೂರ್ತಿಗಳೆಲ್ಲ ಇದ್ದವು. ಹಿತ್ತಾಳೆಯ ಎಲ್ಲಮ್ಮ, ಮೂಗು ಸವೆದ ಮೈಲಾರಲಿಂಗ, ಮರಗಮ್ಮ. ಅವುಗಳ ನಡುವೆ ಹೆಬ್ಬೆರಳಷ್ಟು ಅಗಲದ ಬೆಳ್ಳಿಯ ತಗಡು. ಅದರ ಮೇಲೆ ಹೆಣ್ಣುಮಗುವಿನ ಮುಖ. ತುಕಾರಾಮ ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದು ವಾರವಾಗಿತ್ತಷ್ಟೆ. ಕಮಲಾಪುರದ ಅವನ ಕೇರಿಯವರು ಅವತ್ತು ತಮ್ಮ ದೇವರುಗಳನ್ನು ಹಾಳು ಬಾವಿಗೆ ಬಿಡುವವರಿದ್ದರು. ಮೊದಲ ಬುಟ್ಟಿ ತನ್ನದೇ ಆಗಬೇಕೆಂದು ಅವನು ಹೆಂಡತಿಯನ್ನು ಕಲಬುರಗಿಯಿಂದ ಕರೆತಂದಿದ್ದ.

“ಇನ್ನ ದೇವರು ದಿಂಡರು ಇಲ್ಲ ಅಂತ ಮಾತು ಕೊಟ್ಟು ಬಂದೀನಿ.”

“ದೇವರು ಹೋಗ್ಲಿ ಬಿಡ್ರಿ. ಶೇವಂತಾ ಯಾವಾಗ ದೇವರಾಗ್ಯಾಳ?”

ಶೇವಂತಾ ಅವರ ಒಬ್ಬಳೇ ಮಗಳು. ರಜಾಕಾರರ ಗದ್ದಲದ ಮಳೆಗಾಲದಲ್ಲಿ ಕೇರಿಗೆ ಕೇರಿಯೇ ಜೋಳದ ಹೊಲಗಳಲ್ಲಿ ಅಡಗಿ ಕೂತಾಗ, ಹುಡುಗಿ ತಾಯಿಯ ಸೆರಗಿನೊಳಗೆ ಜ್ವರದಿಂದ ತೀರಿಕೊಂಡಳು. ಪೊಲೀಸ್ ಆಕ್ಷನ್ ಮುಗಿದು ಊರು ತಣ್ಣಗಾದ ಮೇಲೆ ಗಂಡ ಹೆಂಡತಿ ಕಲಬುರಗಿಯ ಬಟ್ಟೆ ಗಿರಣಿ ಸೇರಿದರು. ಮಗಳ ಕಾಲ್ಗಡಗ ಕರಗಿಸಿ ಭೀಮಬಾಯಿ ಆ ತಗಡು ಮಾಡಿಸಿದ್ದಳು. ಮತ್ತೆ ಮಕ್ಕಳಾಗಲಿಲ್ಲ.

“ಆಸೆನೇ ದುಃಖಕ್ಕ ಮೂಲ ಅಂತ ಹೇಳ್ಯಾರ. ಬಿಡೋದಂದ್ರ ಎಲ್ಲಾ ಬಿಡಬೇಕು.” ಬಾವಿಯ ಸುತ್ತ ನಿಂತವರು ನೋಡುತ್ತಿದ್ದರು. ತುಕಾರಾಮ ಅವಳ ಕೈ ಸರಿಸಿ ಬುಟ್ಟಿಯನ್ನು ಬೋರಲು ಹಾಕಿದ. ಹಿತ್ತಾಳೆಯೆಲ್ಲ ಒಮ್ಮೆಗೇ ಮುಳುಗಿತು. ತಗಡು ಮಾತ್ರ ಬಿಸಿಲಿಗೆ ಮಿಂಚುತ್ತ, ಎಲೆಯ ಹಾಗೆ ಹೊಯ್ದಾಡುತ್ತ ನಿಧಾನವಾಗಿ ಇಳಿಯಿತು.

ಭೀಮಬಾಯಿ ಅಳಲಿಲ್ಲ. ಕಲಬುರಗಿಗೆ ಮರಳಿ ಎಂದಿನಂತೆ ರೊಟ್ಟಿ ಬಡಿದಳು, ಬುತ್ತಿ ಕಟ್ಟಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಖಾಲಿ ಜಗಲಿಯನ್ನು ತಾನೇ ಸಾರಿಸಿ ಅಲ್ಲಿ ಉಪ್ಪಿನ ಗಡಿಗೆ ಇಟ್ಟಳು.

ಕೆಲವು ದಿನಗಳಲ್ಲಿ ಗಿರಣಿ ಕಾರ್ಮಿಕರ ಸಾಲುಮನೆಗಳ ಚಾಳಿಗೆ ನಾಗಪುರದ ಕಡೆಯ ವಯಸ್ಸಾದ ಭಿಕ್ಷು ಒಬ್ಬರು ಬಂದರು. ಅವರ ಮಾತು ಮರಾಠಿ. ಚಾಳಿನವರಿಗೆ ಅದು ತಿಳಿಯುತ್ತಿತ್ತು. ತುಕಾರಾಮ ಎಲ್ಲರೆದುರು ಕೈಮುಗಿದು ಹೇಳಿದ: “ಸತ್ತ ಮಗಳ ಗುರ್ತು ಸೈತ ಬಿಟ್ಟೀನ್ರಿ, ಭಂತೇಜಿ.”

“ಅದು ಯಾರ ಬಳಿ ಇರುತ್ತಿತ್ತು?”

“ನನ್ನ ಹೆಂಡ್ತಿ ಹತ್ರರಿ. ದಿನಾ ಒರಸಿ ಇಡತಿದ್ಳು.”

“ಅವಳು ಬಿಟ್ಟಳೇನು?”

ತುಕಾರಾಮ ಮುಗಿದ ಕೈ ಕೆಳಗಿಳಿಸಿದ.

“ಹಾಗಾದರೆ ನೀನು ಬಿಟ್ಟದ್ದು ಏನಪ್ಪ?” ಭಿಕ್ಷು ಮೆಲ್ಲಗೆ ಕೇಳಿದರು. ಆಮೇಲೆ ಪಕ್ಕದವನ ಯೋಗಕ್ಷೇಮ ವಿಚಾರಿಸತೊಡಗಿದರು.

ಗಿರಣಿಯ ರಜೆಯ ದಿನ ಅವನು, “ಕಮಲಾಪುರಕ್ಕ ಹೋಗಿ ಬರೋಣ ನಡಿ,” ಎಂದ. ಅವಳು ಬುತ್ತಿ ಕಟ್ಟಿದಳು.

ಬಾವಿ ತುಂಬಿತ್ತು. ತುಕಾರಾಮ ಬಿಳಿ ಅಂಗಿ ಕಳಚಿ ಮುಳುಗಿದ. ತಳದ ಕೆಸರಿನಲ್ಲಿ ಕೈಗೆ ಸಿಕ್ಕಿದ್ದು ಯಾರದೋ ಎಲ್ಲಮ್ಮ. ಅದನ್ನು ಮೆಟ್ಟಿಲ ಮೇಲಿಟ್ಟು ಮತ್ತೆ ಮುಳುಗಿದ. ಯಾರದೋ ಹನುಮಪ್ಪ. ಯಾರದೋ ಒಡೆದ ಗಂಟೆ. ಕಣ್ಣು ಕೆಂಪಾದವು, ತುಟಿ ನಡುಗತೊಡಗಿತು.

“ಮ್ಯಾಲ ಬರ್ರಿ,” ಎಂದಳು ಭೀಮಬಾಯಿ.

“ಕೆಸರಾಗ ಹೂತು ಹೋಗ್ಯಾದ. ಇನ್ನೊಮ್ಮೆ ನೋಡ್ತೀನಿ.”

“ಸಾಕು ಬರ್ರಿ. ನೀವೂ ಹೋದ್ರ ನಾ ಯಾರ ಸಂಗಾಟ ಇರ್ಲಿ?”

ಅವನು ಮೇಲೆ ಬಂದು ಕುಕ್ಕರುಗಾಲಿನಲ್ಲಿ ಕೂತ. “ಬೈಯರ ಬೈ ನನಗ.”

ಅವಳು ಮೆಟ್ಟಿಲಿಳಿದು ಅವನು ತೆಗೆದಿಟ್ಟಿದ್ದ ಎಲ್ಲಮ್ಮನನ್ನು ಎತ್ತಿಕೊಂಡಳು. ಮುಖದ ಕೆಸರನ್ನು ಸೆರಗಿನಿಂದ ಒರೆಸಿ, ಬಾಗಿ, ಕೈ ನೀರಿನೊಳಗೆ ಮುಳುಗುವವರೆಗೂ ಹಿಡಿದಿದ್ದು ಬಿಟ್ಟಳು. ಅಲೆ ನಿಂತ ಮೇಲೆ ಹನುಮಪ್ಪನನ್ನು ಎತ್ತಿಕೊಂಡಳು.