ನಡೆಯುತ್ತಿದ್ದ ಹನಿ

ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ನನ್ನ ಜೊತೆಗಾರನನ್ನು ಎಲ್ಲರೂ ತಕರಾರು ಎಂದೇ ಕರೆಯುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ನನಗೋ ಮೂಗಿನ ತುದಿಯಲ್ಲೇ ಕೋಪ. ಇಬ್ಬರಿಗೂ ಸೇರಿ ಒಂದು ಕೋಣೆ, ಬೆನ್ನಿಗೆ ಬೆನ್ನು ಹಾಕಿದ ಕುರ್ಚಿಗಳು, ಒಂದೇ ಕಿಟಕಿ. ಇಬ್ಬರದೂ ವರ್ಷವರ್ಷವೂ ಮುಂದುವರಿಸಿ ಎಂದು ಬೇಡಬೇಕಾದ ಕೆಲಸ. ಈಗ ಒಂದೇ ಒಂದು ಕಾಯಂ ಹುದ್ದೆ ಬಂದಿತ್ತು, ಕೊನೆಯ ಸಂದರ್ಶನಕ್ಕೆ ಉಳಿದವರು ನಾವಿಬ್ಬರೇ. ಎಣ್ಣೆ ಸೀಗೆಕಾಯಿ ಆಗಲು ಇನ್ನೇನು ಬೇಕು?

ನನಗೆ ಅದು ಬೇಕೇ ಬೇಕಿತ್ತು. ನನ್ನ ಹಿಂದೆ ಊರೂರು ಸುತ್ತಿದ ಅಮ್ಮನಿಗೆ ಇನ್ನೊಮ್ಮೆ ಬಾಡಿಗೆ ಮನೆ ಖಾಲಿ ಮಾಡುವ ತ್ರಾಣ ಇರಲಿಲ್ಲ. "ಇದೇ ಕೊನೆ ಕಣೇ, ಮುಂದಿನ ಸಲ ನನ್ನನ್ನೂ ಸಾಮಾನಿನ ಜೊತೆ ಲಾರಿಗೆ ಹಾಕ್ಬಿಡು" ಎಂದು ನಗುತ್ತಿದ್ದಳು. ಆ ನಗುವಿಗೇ ನನಗೆ ಹೆದರಿಕೆ.

ನನ್ನ ಕೆಲಸ ಇಷ್ಟು: ಪರಮಾಣುವಿನ ಬೀಜದೊಳಗಿನ ಪ್ರೋಟಾನು, ನ್ಯೂಟ್ರಾನುಗಳನ್ನು ಒಂದೊಂದಾಗಿ ಹಿಂಬಾಲಿಸದೆ, ಎಲ್ಲವನ್ನೂ ಸೇರಿಸಿ ಒಂದು ದ್ರವದ ಹನಿ ಎಂದುಕೊಳ್ಳುವುದು. ಕಂಪ್ಯೂಟರಿನೊಳಗೆ ಲೆಕ್ಕದ ಒಂದು ಪೆಟ್ಟಿಗೆ, ಅದರ ನಡುವೆ ಆ ಹನಿ. ಮೆಲ್ಲಗೆ ತಟ್ಟಿ, ಅದು ಹೇಗೆ ಅದುರುತ್ತದೆಂದು ನೋಡುವುದು. ಹಾಗೆ ತಟ್ಟಿದಾಗ ಯಾರೂ ಕಂಡಿರದ ಒಂದು ನಿಧಾನದ ಕಂಪನ ನನಗೆ ಸಿಕ್ಕಿತ್ತು. ಸಂದರ್ಶನದಲ್ಲಿ ಅದೇ ನನ್ನ ಬಂಡವಾಳ.

ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ತಕರಾರು ಕುರ್ಚಿ ತಿರುಗಿಸಿ ನನ್ನ ಪರದೆಯನ್ನೇ ನೋಡುತ್ತಾ ಕೂತ.

"ನಿನ್ನ ಹನಿ ಅದುರ್ತಿಲ್ಲ ಕಣೇ. ನಡೀತಿದೆ."

"ಏನಂದೆ?"

"ನೀನು ತಟ್ಟೋವಾಗ ಒಂಚೂರು ನೂಕಿದ್ದೀಯ. ಇಡೀ ಹನಿ ತೇಲ್ಕೊಂಡು ಹೋಗಿ ಪೆಟ್ಟಿಗೆ ಗೋಡೆಗೆ ಬಡಿದು ವಾಪಸ್ ಬರ್ತಿದೆ. ನೀನು ಅದನ್ನೇ ಕಂಪನ ಅಂತಿದೀಯ."

"ನಿಂಗೆ ಹೊಟ್ಟೆಕಿಚ್ಚು!"

"ಇರಬಹುದು. ಪೆಟ್ಟಿಗೆ ದೊಡ್ಡದು ಮಾಡಿ ನೋಡು."

ಅವನ ಬಾಯಿ ಮುಚ್ಚಿಸಲೆಂದೇ ಮಾಡಿದೆ. ಹನಿಯ ಸ್ವಂತ ಕಂಪನಕ್ಕೆ ಪೆಟ್ಟಿಗೆ ಎಷ್ಟು ದೊಡ್ಡದಾದರೇನು? ನನ್ನದು ಮಾತ್ರ ಪೆಟ್ಟಿಗೆ ಹಿಗ್ಗಿದಷ್ಟೂ ನಿಧಾನವಾಯಿತು. ಗೋಡೆ ದೂರವಾಗಿತ್ತು, ಹನಿಗೆ ನಡೆಯುವ ದಾರಿ ಹೆಚ್ಚಿತ್ತು, ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅತ್ತೆ, ಅದೂ ಅವನೆದುರೇ.

ಅವನು ಸಮಾಧಾನ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ನಾನು ಕೊಟ್ಟ ಪೆಟ್ಟಿನಿಂದ ನೂಕಿದ ಪಾಲನ್ನು ಕಳೆದು ಮತ್ತೆ ತಟ್ಟಿದೆವು. ನಿಧಾನದ ಕಂಪನ ಮಾಯವಾಗಿ, ಹನಿಯ ಒಡಲೇ ಒಂದು ಬದಿ ಒತ್ತಿಕೊಂಡು ಇನ್ನೊಂದು ಬದಿ ಸಡಿಲವಾಗುವ ಚುರುಕಾದ ಕಂಪನ ಉಳಿಯಿತು. ಹಳೆಯದೇ, ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಪ್ರಯೋಗದಲ್ಲಿ ಅಳೆದದ್ದಕ್ಕೆ ನನ್ನ ಲೆಕ್ಕ ಹಿಂದೆಂದಿಗಿಂತ ಹತ್ತಿರ ಬಂದಿತ್ತು. ಸಂಜೆ ನೋಡಿದರೆ, ಮಾರನೆಯ ದಿನಕ್ಕೆ ಅವನು ತನ್ನ ತಯಾರಿಯನ್ನು ಮುಟ್ಟಿಯೇ ಇರಲಿಲ್ಲ.

ಸಂದರ್ಶನದಲ್ಲಿ ಹೊಸ ಕಂಪನ ಸುಳ್ಳೆಂದು ಮೊದಲೇ ಹೇಳಿ, ಹೇಗೆ ಸುಳ್ಳಾಯಿತೆಂದು ತೋರಿಸಿದೆ.

"ಯಾರು ಹಿಡಿದಿದ್ದು ಇದನ್ನ?" ಎಂದರು ವಿಭಾಗದ ಮುಖ್ಯಸ್ಥರು.

"ಹೊರಗೆ ಕೂತಿದ್ದಾರಲ್ಲ ಸರ್, ಅವರೇ."

ಸಂದರ್ಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸುಳ್ಳನ್ನು ನಾನೇ ಒಪ್ಪಿಕೊಂಡದ್ದೂ ತಿದ್ದಿದ ಲೆಕ್ಕವೂ ಅವರಿಗೆ ಹಿಡಿಸಿ, ಹುದ್ದೆ ನನಗೆ ಬಂತು. ಸುದ್ದಿ ಕೇಳಿ ಅಮ್ಮ ಫೋನಿನಲ್ಲೇ ಅತ್ತಳು. ನಾನು ಕೋಣೆಗೆ ಓಡಿದೆ. ಅವನು ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದ. ಬಾಗಿಲಲ್ಲೇ ನಿಂತು ಕೇಳಿಬಿಟ್ಟೆ.

"ನೀನು ಸುಮ್ನಿದ್ದಿದ್ರೆ ಅವರೇ ನನ್ನ ತಪ್ಪು ಹಿಡೀತಿದ್ರು. ಹುದ್ದೆ ನಿಂದಾಗ್ತಿತ್ತು. ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ತಪ್ಪು ಕಣ್ಣಿಗೆ ಬಿದ್ಮೇಲೆ ಬಾಯಿ ಮುಚ್ಕೊಂಡಿರೋಕೆ ನಂಗೆ ಬರಲ್ಲ ಕಣೇ. ಅದೊಂದು ಕಾಯಿಲೆ."

ಅವನ ಎರಡೂ ಕೈ ಹಿಡಿದುಕೊಂಡೆ. ಈ ಕಾಯಿಲೆ ನನಗೂ ಅಂಟಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.